ಕೆಂಪು ಬಾಳೆಗೆ ಬಳಿದ ಹಳದಿ

ಏಳು ವರ್ಷಗಳ ಹಿಂದೆ, ನನ್ನ ಮಗಳ ನಿಶ್ಚಯದ ದಿನ, ನಮ್ಮ ಬೀಗರು ಐವತ್ತು ಜನರ ಎದುರಿಗೆ ಆಡಿದ ಮಾತನ್ನು ನಾನು ಮರೆತಿಲ್ಲ. ಕಲಬುರಗಿಯ ಕೋಟೆಯ ಹತ್ತಿರವಿರುವ ಅವರ ಮನೆಗೆ ಕಮಲಾಪುರದಿಂದ ನನ್ನ ತೋಟದ ಕೆಂಪು ಬಾಳೆಹಣ್ಣನ್ನು ಒಯ್ದು, ತಾಂಬೂಲದ ತಾಟಿನಲ್ಲಿ ಜೋಡಿಸಿದ್ದೆ. ಬೀಗರು ಒಂದನ್ನು ಎರಡೇ ಬೆರಳಿನಲ್ಲಿ ಎತ್ತಿ ಹಿಡಿದು, "ಬೀಗರ, ಇವು ಕೊಳತಾವೇನ್ರೀ?" ಎಂದರು. ಉತ್ತರಕ್ಕೆ ಕಾಯಲಿಲ್ಲ. ಮಾರ್ಕೆಟ್ಟಿನಿಂದ ಒಂದು ಡಜನ್ ಹಳದಿ ಹಣ್ಣು ತರಿಸಿದರು. ಅಂದಿನಿಂದ ನನಗಿದ್ದ ಬಯಕೆ ಒಂದೇ: ಕೆಂಪು ಬಾಳೆ ಸಿಹಿಯಾಗಿದೆ ಎಂಬ ಮಾತು ಅದೇ ಬಾಯಿಂದ ಬರಬೇಕು.

ಕಲಬುರಗಿಯಲ್ಲಿ ಅಂಗಡಿಕಾರರಿಗೆ ಸೋಶಿಯಲ್ ಮೀಡಿಯಾದಲ್ಲಿ ಪ್ರಚಾರ ಮಾಡಿಕೊಡುವುದು ನನ್ನ ಅಣ್ಣನ ಮಗಳ ಉದ್ಯೋಗ. ಕಳೆದ ತಿಂಗಳು ತೋಟಕ್ಕೆ ಬಂದವಳು, "ಕಾಕಾ, ನಿಮ್ಮ ಬಾಳಿದು ಒಂದು ರೀಲ್ ಮಾಡ್ತೀನಿ. ಬೀಗರ ಫೋನಿಗೂ ಹೋಗ್ತದ" ಎಂದಳು. ಒಪ್ಪಿದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗೊನೆಯ ಪಕ್ಕ ನಿಂತು, ಮಣ್ಣು, ನೀರು, ಸಿಪ್ಪೆ, ತಿರುಳು ಎಂಬ ಕ್ರಮದಲ್ಲಿ ಹನ್ನೊಂದು ನಿಮಿಷ ಮಾತನಾಡಿದೆ. ಅವಳು ಅದನ್ನು ಯಾವುದೋ ಹೊಸ ಎಐ ಟೂಲಿಗೆ ಒಪ್ಪಿಸಿದಳು. ತಾನೇ ಕತ್ತರಿಸುತ್ತದಂತೆ, ತಾನೇ ಬಣ್ಣ ತಿದ್ದುತ್ತದಂತೆ. ಅದರ ಮೇಲಿನ ನಂಬಿಕೆಯಿಂದ ಮರಳಿ ನೋಡದೆ ಹಾಕಿಯೂ ಬಿಟ್ಟಳು.

ಹನ್ನೊಂದು ನಿಮಿಷದ ಮಾತು ಮೂವತ್ತೇ ಸೆಕೆಂಡಿಗೆ ಇಳಿದಿತ್ತು. ಅದನ್ನು ಸಹಿಸಬಹುದಿತ್ತು. ನನ್ನ ಮುಖದ ಸುಕ್ಕೆಲ್ಲ ಮಾಯವಾಗಿತ್ತು; ಅದಕ್ಕೆ ನನ್ನ ಹೆಂಡತಿಯೂ ಆಕ್ಷೇಪಿಸಲಿಲ್ಲ. ಆದರೆ ಬಾಳೆಹಣ್ಣೆಂದರೆ ಹಳದಿಯೇ ಎಂದು ತನ್ನಷ್ಟಕ್ಕೆ ತೀರ್ಮಾನಿಸಿದ ಆ ಟೂಲು, ನನ್ನ ಇಡೀ ಗೊನೆಗೆ ಹಳದಿ ಬಳಿದಿತ್ತು.

ಸಂಜೆಯೊಳಗೆ ಬೀಗರ ಫೋನು ಬಂತು. "ಈಗ ನೋಡ್ರಿ ಬೀಗರ, ಖರೇ ಬಾಳೆಹಣ್ಣು ಬೆಳದೀರಿ."

ಮರುದಿನ ಮೊದಲ ಬಸ್ಸಿಗೇ, ಚೀಲದಲ್ಲಿ ನಾಲ್ಕು ಹಣ್ಣು ಹಾಕಿಕೊಂಡು ಅಣ್ಣನ ಮಗಳ ಆಫೀಸಿಗೆ ಹೋದೆ.

"ತಪ್ಪಾತು ಕಾಕಾ. ಈ ಸಲ ಯಾವ ಟೂಲೂ ಹಚ್ಚಂಗಿಲ್ಲ. ಹ್ಯಾಂಗದ ಹಾಂಗೇ ತೋರಸೋದೇ ಈಗ ಟ್ರೆಂಡ್. ಆದ್ರ ಮೊದಲನೇ ಮೂರು ಸೆಕೆಂಡಿನಾಗ ಮಂದಿ ನಿಲ್ಲಬೇಕು."

"ನಾ ಏಳು ವರ್ಷ ನಿಂತೀನಿ. ಅವರಿಗಿ ಹನ್ನೊಂದು ನಿಮಿಷ ನಿಲ್ಲಾಕ ಆಗಂಗಿಲ್ಲೇನು?"

"ಹಂಗಾರ ಆ ಬೀಗರ ಮಾತಿಂದೇ ಶುರು ಮಾಡ್ರಿ."

ಕ್ಯಾಮೆರಾದ ಮುಂದೆ ಹಣ್ಣನ್ನು ಬೀಗರು ಹಿಡಿದಂತೆಯೇ ಎರಡು ಬೆರಳಿನಲ್ಲಿ ಹಿಡಿದು, "ಬೀಗರ, ಇವು ಕೊಳತಾವೇನ್ರೀ?" ಎಂದೆ. ಅನಂತರ ಸುಲಿದು, ತಿಂದು, ಸಿಪ್ಪೆಯನ್ನು ತೋರಿಸಿದೆ. ಹೆಸರು ಹೇಳಲಿಲ್ಲ. ನಿಶ್ಚಯಕ್ಕೆ ಬಂದಿದ್ದ ಬಂಧುಗಳು ಆ ವಿಡಿಯೊವನ್ನು ಒಬ್ಬರಿಗೊಬ್ಬರು ಕಳಿಸಿದರು. ಎಲ್ಲರೂ ತಪ್ಪದೆ ಬೀಗರಿಗೂ ಕಳಿಸಿದರು.

ಆ ಭಾನುವಾರ ಬೀಗರೇ ಕಮಲಾಪುರಕ್ಕೆ ಬಂದಿಳಿದರು.

"ಏನ್ರೀ, ಮಂದಿಯೊಳಗ ನನ್ನ ಮಾನ ತೆಗದ್ರಿ."

"ಹೆಸರೇ ಹೇಳಿಲ್ಲಲ್ರೀ."

"ಐವತ್ತು ಮಂದಿ ಕೇಳಿದ ಮಾತಿಗಿ ಹೆಸರು ಯಾಕ ಬೇಕ್ರಿ? ನಂದೂ ಒಂದು ವಿಡಿಯೊ ಹಾಕಸ್ರಿ."

ಐವತ್ತು ಎಂಬ ಲೆಕ್ಕ ಅವರಿಗೂ ನೆನಪಿತ್ತು. ಅಣ್ಣನ ಮಗಳನ್ನು ಕೂಡಲೇ ಕರೆಸಿದೆ. ಬೀಗರು ತೋಟದಲ್ಲಿ ನಿಂತು, ಒಂದರ ಹಿಂದೆ ಒಂದರಂತೆ ಮೂರು ಹಣ್ಣು ತಿಂದು, "ಸಿಹಿ ಅದಾವ. ಭಾಳ ಸಿಹಿ ಅದಾವ" ಎಂದರು. ಅವಳು ಏನನ್ನೂ ತಿದ್ದದೆ ಹಾಕಿದಳು.

ಆದರೆ ಮೂರನ್ನೂ ಅವರು ಕಣ್ಣು ಮುಚ್ಚಿಕೊಂಡು ತಿಂದಿದ್ದಾರೆ. ರುಚಿಗೆ ಮುಚ್ಚಿದ್ದು ಎನ್ನುತ್ತಾಳೆ ನನ್ನ ಹೆಂಡತಿ. ಬಣ್ಣ ನೋಡಲಾಗದೆ ಎಂಬುದು ನನ್ನ ಅನುಮಾನ. ವಿಡಿಯೊ ಫೋನಿನಲ್ಲಿದೆ. ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದೇನೆ.