ಕೋಟಿಗೆ ತವರುಮನೆ ತೋರಿಸಿದವನು

ತಾಕತ್ತಿದ್ದರೆ ನಂಬದೆ ಇರಿ, ನೋಡೋಣ. ನಮ್ಮ ಮಸ್ಕಿಯಲ್ಲಿ ಒಬ್ಬ ಮನುಷ್ಯ ಇದ್ದ. ಯಾರೋ ಹಾಕಿ ಬಿಟ್ಟ ಹಳೇ ಬಟ್ಟೆಯನ್ನು ಕೊಂಡು, ತೊಟ್ಟು, ಬಸ್ಸು ಹತ್ತಿ, ಆ ಬಟ್ಟೆಯನ್ನು ಅದರ ತವರುಮನೆಗೆ ಕರೆದುಕೊಂಡು ಹೋಗುತ್ತಿದ್ದ. ಊರೆಲ್ಲ ತೋರಿಸಿ ದೀಪ ಹಚ್ಚುವ ಹೊತ್ತಿಗೆ ವಾಪಸ್ ಕರೆತರುತ್ತಿದ್ದ. ನಾನು ಸುಳ್ಳಿನಲ್ಲಿ ಲಿಂಗಸುಗೂರಿನ ತನಕ ಹೆಸರು ಮಾಡಿದವನು. ಬಸ್ ಸ್ಟ್ಯಾಂಡಿನ ಎದುರಿನ ನನ್ನ ಚಹಾದಂಗಡಿಯಲ್ಲಿ ಸಕ್ಕರೆಗಿಂತ ಸುಳ್ಳೇ ಜಾಸ್ತಿ ಖರ್ಚಾಗುತ್ತಿತ್ತು. ಆದರೆ ಈ ಬಸಣ್ಣನ ವಿಷಯದಲ್ಲಿ ನಾನು ಹೇಳುವುದೆಲ್ಲ ಖರೆ. ಎಲ್ಲ ಅಂದರೆ, ಒಂದನ್ನು ಬಿಟ್ಟು. ಅದು ಯಾವುದು ಅಂತ ಹುಡುಕುತ್ತಾ ಓದಿ. ನಿಮ್ಮ ಕೈಗೆ ಸಿಗಲಿಕ್ಕಿಲ್ಲ.

ಬಸಣ್ಣ ಹಟ್ಟಿಯ ಚಿನ್ನದ ಗಣಿಯಲ್ಲಿ, ನೆಲದ ಕೆಳಗೆ, ಆಯುಷ್ಯ ಕಳೆದವನು. ನಿವೃತ್ತನಾಗಿ ಮಸ್ಕಿಗೆ ಬಂದಮೇಲೆ ಅವನಿಗೆ ಎರಡೇ ಹಟ. ಭಾನುವಾರ ಮನೆಯಲ್ಲಿ ಕೂರಬಾರದು, ಬಸ್ಸಿನಲ್ಲಿ ಕಿಟಕಿ ಸೀಟು ಬಿಡಬಾರದು. ಪ್ರತಿ ಸಲ ಜೊತೆಗೆ ನಾನೂ ಹೊರಡುತ್ತಿದ್ದೆ, ಆ ಸೀಟಿಗಾಗಿ ನಾವಿಬ್ಬರೂ ಮುದುಕರು ಬಾಗಿಲಲ್ಲೇ ಮೊಣಕೈ ಹಾಕಿಕೊಂಡು ನುಗ್ಗುತ್ತಿದ್ದೆವು. ಸುಳ್ಳು ಹೊಟ್ಟೆನೋವು ತಂದುಕೊಂಡರೂ ನನಗೆ ಒಮ್ಮೆಯೂ ಸಿಗಲಿಲ್ಲ.

"ಕೆಳಗ ಎಲ್ಲಾರ ಅಂಗಿನೂ ಒಂದ ಬಣ್ಣ ಇರ್ತಿತ್ತಲೇ ಅಮರ್ಯಾ, ಮಣ್ಣಿನ ಬಣ್ಣ. ಕಿಟಕಿ ಅನ್ನೋದ ಇರ್ತಿರಲಿಲ್ಲ. ನೀ ಹುಟ್ಟಿದಾಗಿಂದ ಬಿಸಿಲು ಕಾಯಿಸ್ಕೋತ ಕುಂತಿ, ಅತ್ತಾಗ ಸರಿ," ಅನ್ನುತ್ತಿದ್ದ.

ಬಟ್ಟೆ ಕೊಡುತ್ತಿದ್ದವಳು ಹುಲಿಗೆಮ್ಮ. ಹಳ್ಳಿ ಹಳ್ಳಿ ತಿರುಗಿ ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವಾಕೆ. ಗಂಟನ್ನು ಸಿಂಧನೂರಿನ ಬಜಾರದಲ್ಲಿ ಬಿಚ್ಚಿಕೊಂಡು ಕೂರುತ್ತಿದ್ದಳು. ಬಸಣ್ಣ ಆ ಗಂಟಿನಲ್ಲಿ ಮೊಣಕೈ ತನಕ ಕೈ ಹಾಕಿ, ಯಾರ ಅಪ್ಪನದೋ ಸಫಾರಿ, ಯಾರ ಕಾಕನದೋ ಬೆಲ್ ಬಾಟಂ, ಕತ್ತೆಯ ಕಿವಿಯಂಥ ಕಾಲರಿನ ಅಂಗಿ ಹೊರಗೆಳೆಯುತ್ತಿದ್ದ. ಅವನ ಮೊದಲ ಪ್ರಶ್ನೆ ರೇಟಲ್ಲ. "ಹುಲಿಗೆವ್ವಾ, ಇದು ಯಾವೂರಿಂದು?" ಮುಂದಿನ ಭಾನುವಾರ ಅದನ್ನೇ ತೊಟ್ಟು ಆ ಊರಿಗೆ. "ಮಾರಿ ಕಳಿಸ್ಯಾರ ಪಾಪ, ಒಮ್ಮಿ ತವರುಮನಿ ನೋಡಿ ಬರ್ಲಿ" ಅನ್ನುತ್ತಿದ್ದ.

ಹಳೇ ಬಟ್ಟೆಗೆ ಗುಂಡಿ ಇರುತ್ತಿರಲಿಲ್ಲ. ಅದನ್ನು ತಾನೇ ಮಾಡುತ್ತಿದ್ದ. ತೆಂಗಿನ ಚಿಪ್ಪು ಒಡೆದು, ಕಲ್ಲಿಗೆ ತಿಕ್ಕಿ ದುಂಡಗೆ ಮಾಡಿ, ಕಾಸಿದ ದಬ್ಬಣದಿಂದ ತೂತು ಹಾಕಿ, ಕುಸುಬಿ ಎಣ್ಣೆ ಹಚ್ಚಿ ಅಂಗೈಯಲ್ಲಿ ಉಜ್ಜುತ್ತಿದ್ದ. ಕರೀ ಕಂದು, ಕುದುರೆಯ ಕಣ್ಣಿನ ಹಾಗೆ ಹೊಳೆಯುತ್ತಿದ್ದವು. ನನ್ನ ಹೆಂಡತಿಯ ಬಟ್ಟೆ ಒಗೆಯುವ ಕಲ್ಲು ಅದರಿಂದಲೇ ಸವೆಯಿತು. ಆಕೆ ಬೈದರೆ, "ಕಲ್ಲು ಸವದೈತಿ ಖರೆ ಐತಿ ತಂಗಿ. ನಿನ್ನ ಸಾರಿಗೆ ಉಪ್ಪು ಕಡಿಮಿ, ಅದೂ ಖರೆ ಐತಿ," ಅಂದುಬಿಡುತ್ತಿದ್ದ. ಅವನ ನಾಲಿಗೆಗೆ ಸುಳ್ಳು ಹತ್ತುತ್ತಲೇ ಇರಲಿಲ್ಲ. ಹತ್ತಿಸಿಯೇ ತೀರುತ್ತೇನೆ ಅಂತ ನಾನು ಪಣ ತೊಟ್ಟಿದ್ದೆ.

ಗೊರೇಬಾಳದ ಸಫಾರಿ ತೊಟ್ಟು ಗೊರೇಬಾಳಕ್ಕೆ ಹೋದ ದಿನ, ಅಲ್ಲಿನ ಕಟ್ಟೆಯ ಮೇಲೆ ಕೂತವರ ಕಿವಿಯಲ್ಲಿ ಮೆಲ್ಲಗೆ ಬಿಟ್ಟೆ, "ಕಾಲುವಿ ನೀರಿನ ಸಾಹೇಬ್ರು. ಗುಪ್ತವಾಗಿ ನೋಡಾಕ ಬಂದಾರ." ಒಂದು ಚಹಾ ಕುಡಿಯುವಷ್ಟರಲ್ಲಿ ಭತ್ತದ ಹೊಲದವರೆಲ್ಲ ಬಸಣ್ಣನ ಸುತ್ತ ನಿಂತಿದ್ದರು.

"ಸಾಹೇಬ್ರ, ಕಟ್ಟಕಡೀ ಹೊಲಕ್ಕ ನೀರ ಬರವಲ್ದು. ಏನರ ಮಾಡ್ರಿ."

ಒಂದು 'ಹೂಂ' ಅಂದಿದ್ದರೆ ಎಳನೀರು, ಊಟ, ಬಸ್ಸಿನ ತನಕ ಗಾಡಿ, ಎಲ್ಲ ಸಿಗುತ್ತಿತ್ತು. ಬಸಣ್ಣ ಸಫಾರಿಯ ಕಿಸೆಯನ್ನು ಹೊರಗೆಳೆದು ತೋರಿಸಿದ. "ಇದರಾಗ ನೀರಿಲ್ಲಪಾ, ನೋಡ್ರಿ. ನಾ ಸಾಹೇಬ ಅಲ್ಲ. ಇದು ನಿಮ್ಮೂರಾಗ ಯಾರೋ ಹಾಕಿ ಬಿಟ್ಟಿದ್ದು. ನಿಮಗ ಸುಳ್ಳು ಹೇಳಿದಾಂವ ಅಕಾ ಅಲ್ಲಿ ನಿಂತಾನ. ಬಡಿಯೋದಿದ್ರ ಅವನ್ನ ಬಡೀರಿ, ನನ್ನ ಅಂಗಿ ಹಳೇದೈತಿ, ಹರೀತದ."

ಆ ವಯಸ್ಸಿನಲ್ಲಿ ನಾನು ಅಷ್ಟು ಜೋರಾಗಿ ಓಡಬಲ್ಲೆ ಅಂತ ನನಗೇ ಗೊತ್ತಿರಲಿಲ್ಲ.

ಇನ್ನು ಆ ಕೋಟು. ಕಂದು ಉಣ್ಣೆಯದು, ಅಗಲ ಕಾಲರಿನದು. ಒಳಗಿಸೆಗೆ ಕೆಂಪು ದಾರದ ಹೊಲಿಗೆ. ಹುಲಿಗೆಮ್ಮ ಅದನ್ನು ಕೊಡುವಾಗ ಗೊಣಗಿದ್ದಳು, "ಗುರುಗುಂಟಾದಾಗ ಒಬ್ಬಾಕಿ ನನ್ನ ನಾಲ್ಕು ಖಾನಿ ಡಬ್ಬಿ ಹಾಕಿಸ್ಕೊಂಡಾಳ್ರಿ ಇದಕ್ಕ. ಮಾವಗ ಹೊಲಕ್ಕ ಬಿಸಿ ಬುತ್ತಿ ಒಯ್ಯಾಕ ಬೇಕಂತ." ಬಸಣ್ಣ ಹೊಸ ಗುಂಡಿ ಹಚ್ಚಿ, ಬೇಸಿಗೆಯೆಂಬುದನ್ನೂ ನೋಡದೆ, ಭಾನುವಾರ ಗುರುಗುಂಟಾಕ್ಕೆ ಹೊರಟ. ಅವನ ಅಷ್ಟು ಬಟ್ಟೆಗಳಲ್ಲಿ ಅವನು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡಿದ್ದು ಅದೊಂದನ್ನೇ.

ಊರಿನ ಓಣಿಯಲ್ಲಿ ಹೋಗುತ್ತಿದ್ದೆವು. ಒಂದು ಮನೆಯ ಕಟ್ಟೆಯಿಂದ ಮುದುಕನೊಬ್ಬ ಗುಡುಗಿದ, "ಏ ಕೋಟಿನವನ, ನಿಂದ್ರು ಅಲ್ಲೇ!"

ಬಂದವನೇ ಕೋಟಿನ ಒಳಗಿಸೆ ತೆರೆದು ಕೆಂಪು ದಾರ ಮುಟ್ಟಿ ನೋಡಿದ. ಸಿದ್ದಪ್ಪ ಮುತ್ಯಾ ಅವನ ಹೆಸರು.

"ಇದು ನನ್ನ ಮದಿವಿ ಕೋಟು. ಹೈದ್ರಾಬಾದಿನಾಗ ಹೊಲಿಸಿದ್ದು. ಕಿಸೆ ಹರದಾಗ ನನ್ನ ಹೆಂಡ್ತಿ ಈ ದಾರ ಹಾಕಿ ಹೊಲದಿದ್ಲು. ಆಕಿ ಹೋದ ಮ್ಯಾಲ ಆಕಿ ಕೈದು ಅಂತ ಇದೊಂದ ಉಳದಿತ್ತು." ನಮ್ಮನ್ನು ಕಟ್ಟೆಯ ಮೇಲೆ ಕೂರಿಸಿದ. "ಬಿಸಿಲಿಗೆ ಹಾಕಿದ್ದೆ, ಯಾರೋ ಒಯ್ದಾರ ಅಂತಾಳ ನನ್ನ ಸೊಸಿ. ಕೋಟು ಕದಿಯೋ ಕಳ್ಳ ಯಾವೂರಾಗ ಅದಾನ? ಈಕಿನ ಮಾರ್ಕೊಂಡಾಳ. ಖರೆ ಗೊತ್ತಾದ ದಿನ ತವರುಮನಿಗೆ ಕಳಸ್ತೀನಿ ಅಂತ ಹೇಳೀನಿ. ನೀ ಹೇಳಪಾ, ಎಲ್ಲಿ ಸಿಕ್ತು ಇದು ನಿನಗ?"

ಸೊಸೆ ನೀರಿನ ಚರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನೀರು ಅವಳ ಪಾದದ ಮೇಲೆ ಚೆಲ್ಲುತ್ತಿತ್ತು. ಅವಳ ಹಿಂದೆ ಗೂಟದಲ್ಲಿ ನಾಲ್ಕು ಖಾನೆಯ ಡಬ್ಬಿ ಥಳಥಳ ಹೊಳೆಯುತ್ತಿತ್ತು. ಬಸಣ್ಣ ಡಬ್ಬಿ ನೋಡಿದ, ಅವಳನ್ನು ನೋಡಿದ, ನೆಲ ನೋಡಿದ.

ಇಂಥ ಹೊತ್ತಿಗೆ ಅಂತಲೇ ದೇವರು ನನ್ನನ್ನು ಹುಟ್ಟಿಸಿದ್ದು. ಶುರುಮಾಡಿದೆ, "ಮುತ್ಯಾ, ಈ ಕೋಟು ನನ್ನ ಬೀಗರು ರಾಯಚೂರಾಗ ಒಬ್ಬ ನವಾಬನ ಮನಿಯಿಂದ..."

"ನೀ ಸುಮ್ಕಿರು. ನಿನ್ನ ಮಾರಿ ಮ್ಯಾಲ ಸುಳ್ಳು ಕುಣ್ಯಾಕತ್ತೈತಿ. ಇಂವ ಹೇಳ್ಲಿ."

ಬಸಣ್ಣ ಎದ್ದು ನಿಂತ. ಕೋಟು ಬಿಚ್ಚಿ, ಮಡಚಿ, ಮುತ್ಯಾನ ತೊಡೆಯ ಮೇಲಿಟ್ಟ.

"ನಾನ ಕದ್ದೀನ್ರಿ. ಬಿಸಿಲಿಗೆ ಹಾಕಿದ್ರಿ, ಚಂದ ಕಾಣ್ತು, ಒಯ್ದೆ."

ಮುತ್ಯಾ ಅವನ ಮುಖವನ್ನು ಬಹಳ ಹೊತ್ತು ನೋಡಿದ. ಆ ಮುಖದ ಮೇಲೆ ಹಿಂದೆಂದೂ ಒಂದು ಸುಳ್ಳೂ ಕೂತಿರಲಿಲ್ಲವಲ್ಲ, ಇದು ಕೂತರೂ ಯಾರಿಗೂ ಕಾಣಲಿಲ್ಲ. ಮುತ್ಯಾ ಸೊಸೆಯ ಕಡೆ ತಿರುಗಿದ. "ತಪ್ಪಾತವ್ವಾ. ಸುಮ್ಮಸುಮ್ಮನ ನಿನ್ನ ಬೈದೆ," ಅಂದ. ಆಮೇಲೆ ಗುಂಡಿ ಮುಟ್ಟಿದ. "ಇವು ನನ್ನವಲ್ಲ."

"ನನ್ನವು. ಇರ್ಲಿ ಬಿಡ್ರಿ."

"ಕಳ್ಳ ಆದ್ರೂ ಕೈಗುಣ ಚಲೋ ಐತಿ ನಿಂದು. ನಡಿ, ಇನ್ನೊಮ್ಮಿ ಈ ಊರಾಗ ಕಾಲಿಟ್ಟಿ ಅಂದ್ರ ಮುರೀತೀನಿ."

ಸೊಸೆ ಹಿತ್ತಲಿನಿಂದ ಸುತ್ತುಹಾಕಿ ಬಸ್ಸಿನ ತನಕ ಓಡಿಬಂದಳು. ಸೆರಗಿನೊಳಗೆ ಆ ಡಬ್ಬಿ. "ಅಣ್ಣಾ, ಇದನ್ನರ ಒಯ್ರಿ," ಅಂದಳು, ಅಳುತ್ತಾ.

"ಹುಚ್ಚಿ, ಇದನ್ನೂ ನಾನ ಕದ್ದೆ ಅಂತಾನ ಮುತ್ಯಾ. ಹೋಗು, ಬುತ್ತಿ ಆರೂದ್ರಾಗ ಒಯ್ದು ಕೊಡು."

ಬಸಣ್ಣ ಬನಿಯನ್ನಿನಲ್ಲೇ ಊರಿಗೆ ಬಂದ. ಅಂಗಡಿ ಮುಂದಿನವರೆಲ್ಲ ನಕ್ಕರು. ಆಮೇಲೆ ಕೃಷ್ಣಾ ನದಿ ನೋಡಲು ತಿಂಥಣಿ ಕಡೆ ಹೊರಟಾಗಲೆಲ್ಲ ಬಸ್ಸು ಗುರುಗುಂಟಾದಲ್ಲಿ ನಿಲ್ಲುತ್ತಿತ್ತು. ಒಂದು ಗಿಡವನ್ನೂ ನೋಡದೆ ಬಿಡದ ಮನುಷ್ಯ ಅಲ್ಲಿ ಮಾತ್ರ ಟವೆಲ್ಲಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದ. ಆದರೂ ಯಾರಾದರೂ ಗುರುತು ಹಿಡಿದು "ಕೋಟು ಕಳ್ಳ ಬಂದಾನ್ರೋ!" ಅನ್ನುತ್ತಿದ್ದರು. ಒಮ್ಮೆ ಟವೆಲ್ಲಿನೊಳಗಿಂದಲೇ ಕೇಳಿದ, "ಸುಳ್ಳು ಇಷ್ಟು ಭಾರ ಇರ್ತದಂತ ಗೊತ್ತಿರಲಿಲ್ಲಲೇ ಅಮರ್ಯಾ. ನೀ ದಿನಾ ಹೆಂಗ ಹೊರ್ತಿ?"

ನಾನು ಆಯುಷ್ಯವಿಡೀ ಸುಳ್ಳು ಹೇಳಿ ಗಳಿಸಿದ್ದು ನಗು. ಅವನು ಒಂದೇ ಸುಳ್ಳು ಹೇಳಿ ಒಬ್ಬಳ ಮನೆ ಉಳಿಸಿದ. ಈ ಕಸುಬಿನಲ್ಲಿ ಹಿರಿಯ ನಾನೇ, ಆದರೆ ಉಸ್ತಾದ ಅವನು.

ಕೊನೆಯ ಸಲ ಹೋದದ್ದು ಸಿಂಧನೂರಿಗೆ. ಅವನಿಗೆ ಆಗಲೇ ದಮ್ಮು ಹತ್ತಿತ್ತು, ಬಸ್ಸಿನ ಮೆಟ್ಟಿಲಿಗೆ ನಿಂತು ನಿಂತು ಏರಿದ. ವಾಪಸ್ ಬರುವಾಗ ಕಾಲುವೆ ಬಯಲಿನ ಭತ್ತದ ಮೇಲೆ ಸಂಜೆ ಬಿಸಿಲು ಬಿದ್ದಿತ್ತು. ಖಾಲಿ ಇದ್ದ ಕಿಟಕಿ ಸೀಟಿನ ಹತ್ತಿರ ಹೋಗಿ, ತಾನು ಕೂರದೆ, ಪಕ್ಕಕ್ಕೆ ನಿಂತು ನನ್ನನ್ನು ಒಳಗೆ ತಳ್ಳಿದ. "ನಿನ್ನಂಥಾ ಜೊತಿಗಾರ ನನಗ ಸಿಕ್ಕಿರಲಿಲ್ಲ ಬಿಡಲೇ ಅಮರ್ಯಾ," ಅಂದ. ಮುಂದಿನ ಭಾನುವಾರ ಬರುವುದರೊಳಗೆ ಅವನಿರಲಿಲ್ಲ.

ಈಗ ಭಾನುವಾರ ನಾನೊಬ್ಬನೇ ಹೋಗುತ್ತೇನೆ. ಅಂಗಿಯ ಮೇಲಿನ ಗುಂಡಿ ಅವನು ಮಾಡಿದ್ದು. ಕಾಜಾಕ್ಕಿಂತ ದೊಡ್ಡದು, ಒಮ್ಮೆ ಹಾಕಿದರೆ ಬಿಚ್ಚಲು ಬರುವುದಿಲ್ಲ, ತಲೆಯ ಮೇಲಿಂದಲೇ ಎಳೆಯಬೇಕು.

ಹುಡುಕಿದಿರಾ? ಗೊರೇಬಾಳದಲ್ಲಿ ನಾನು ಓಡಿದ್ದು ಖರೆ. ಕೋಟು ಖರೆ, ಕೆಂಪು ದಾರ ಖರೆ, ಡಬ್ಬಿಯೂ ಖರೆ. ಸುಳ್ಳು ಒಂದೇ. ಕೊನೆಯ ದಿನದ ಆ ಮಾತು ಬಸಣ್ಣ ಆಡಲಿಲ್ಲ. ಹಾಗೆ ಹೊಗಳುವ ನಾಲಿಗೆಯೇ ಅಲ್ಲ ಅದು. ಕಿಟಕಿ ಸೀಟು ಬಿಟ್ಟುಕೊಟ್ಟ, ಪಕ್ಕದಲ್ಲಿ ಸುಮ್ಮನೆ ಕೂತ. ಅಷ್ಟೇ.