ಕೊಂಬಿಗೆ ಸುತ್ತಿದ ಕನ್ಫರ್ಮ್

ವಡಗಾವಿಯ ನಮ್ಮ ಮನೆಯಲ್ಲಿ ಎರಡೂ ಹೊತ್ತಿನ ರೊಟ್ಟಿಯನ್ನು ಬೆಳಗ್ಗೆಯೇ ಬಡಿಯುತ್ತಾರೆ. ನಾನು ಚಪ್ಪಲಿ ಮೆಟ್ಟುವ ಹೊತ್ತಿಗೆ ಹೆಂಡತಿ ಹಿಟ್ಟಿನ ಡಬ್ಬಿ ತೆರೆದು ಕೇಳುತ್ತಾಳೆ: “ರಾತ್ರಿ ಊಟಕ್ಕ ಬರ್ತೀರಲ್ಲಾ? ಕನ್ಫರ್ಮ್?” “ಕನ್ಫರ್ಮ್” ಎನ್ನುತ್ತೇನೆ. ಪತ್ರಿಕೆಯವನ ಮಾತು; ಎಷ್ಟೋ ದಿನ ತಪ್ಪುತ್ತದೆ. ಆದರೂ ನನ್ನ ಪಾಲಿನ ರೊಟ್ಟಿ ಒಮ್ಮೆಯೂ ದಂಡವಾದದ್ದಿಲ್ಲ. ಅದು ಹೇಗೆಂದು, ಪ್ರಶ್ನೆ ಕೇಳಿಯೇ ಹೊಟ್ಟೆ ಹೊರೆಯುವ ನಾನು ಇಷ್ಟು ವರ್ಷ ಕೇಳಿರಲಿಲ್ಲ.

ಇಂಗ್ಲಿಷಿನ ಈ ಶಬ್ದ ನಮ್ಮಲ್ಲಿ ಎಷ್ಟು ಸಲೀಸಾಗಿ ಒಗ್ಗಿದೆ ನೋಡಿ. ಟಿಕೆಟ್ ಕನ್ಫರ್ಮ್, ವಧು ಕನ್ಫರ್ಮ್, ನಾಳೆ ನಳದಲ್ಲಿ ನೀರು ಬರುವುದೂ ಕನ್ಫರ್ಮ್. ಆಸೆಗೊಂದು ಮೊಹರು ಒತ್ತಿದರೆ ಆಯಿತು. ಸುದ್ದಿಮನೆಯಲ್ಲಿ ಮಾತ್ರ ಅದಕ್ಕೆ ಬಿಗಿಯಾದ ಅರ್ಥವಿದೆ: ಒಬ್ಬರನ್ನೊಬ್ಬರು ಕೇಳದ ಇಬ್ಬರು ಒಂದೇ ಮಾತು ಹೇಳಬೇಕು. ಇದಕ್ಕಿಂತ ಗಟ್ಟಿಯಾದ ಅರ್ಥ ಬೇರೆ ಇಲ್ಲವೆಂದೇ ನಂಬಿದ್ದೆ.

ಹೋದ ಮಳೆಗಾಲದ ಒಂದು ಮಧ್ಯಾಹ್ನ ಖಾನಾಪುರದ ಕಾಡಂಚಿನ ಗೌಳಿವಾಡೆಗೆ ಹೋಗಿದ್ದೆ. ಎಮ್ಮೆ ಮೇಯಿಸುವವನೊಬ್ಬ ಹಳ್ಳದಲ್ಲಿ ಕೊಚ್ಚಿಹೋದನೆಂಬ ಸುದ್ದಿ. ಆಚೆ ದಡದಲ್ಲಿ ಅವನು ಎಮ್ಮೆಗಳೊಂದಿಗೆ ನೀರಿಗಿಳಿದದ್ದನ್ನು ಈಚೆ ದಡದಿಂದ ನೆರೆಯವನೊಬ್ಬ ಕಂಡಿದ್ದ. ಆಮೇಲೆ ಮಳೆ ದಟ್ಟವಾಗಿ ಏನೂ ಕಾಣಲಿಲ್ಲವಂತೆ. ಎಮ್ಮೆಗಳಷ್ಟೇ ಮನೆ ಮುಟ್ಟಿದ್ದನ್ನು ವಾಡೆಯ ಹಿರಿಯ ಹೇಳಿದ. ಇಬ್ಬರಾದರು. ಹೆಂಗಸರು ಅಳಲು ಶುರುಮಾಡಿದ್ದರು. ಬೆಳಗಾವಿಯಿಂದ ಫೋನು: “ಹೆಡ್ಡಿಂಗ್ ರೆಡಿ ಐತಿ. ಕನ್ಫರ್ಮ್ ಅಂದ್ರ ಪೇಜ್ ಬಿಡ್ತೀವಿ.”

ಅಳದೆ ಇದ್ದವಳು ಒಬ್ಬಳೇ, ಅವನ ಹೆಂಡತಿ ಜನಾಬಾಯಿ. ಅವಳು ಮುಂದಾಳು ಎಮ್ಮೆಯ ಕೊಂಬು ಹಿಡಿದು ನಿಂತಿದ್ದಳು.

“ಪೇಪರಿನ್ಯಾವ್ರೇನ್ರಿ? ಬರ್ರಿ, ಇಲ್ಲಿ ನೋಡ್ರಿ,” ಎಂದಳು. ಎಮ್ಮೆಯ ಕೊರಳ ಹಗ್ಗದ ತುದಿಯನ್ನು ಎರಡೂ ಕೊಂಬಿಗೆ ಸುತ್ತಿ ಗಂಟು ಹಾಕಿತ್ತು. “ನಮ್ಮ ಮನಿಯವ್ರು ತಾವು ಸಂಗಾಟ ಇದ್ರ ಹಗ್ಗ ಕೈಯಾಗ ಇರ್ತೈತಿ. ಎಮ್ಮಿ ಅಷ್ಟ ಮನಿಗೆ ಕಳಿಸೂದಿದ್ರ ಮುಳ್ಳಿಗೆ ಸಿಗಬಾರ್ದಂತ ಹಿಂಗ ಸುತ್ತತಾರ. ಹೊಳ್ಯಾಗ ಹೋದಾಂವ ಗಂಟು ಹಾಕಿ ಹೋಗ್ತಾನೇನ್ರಿ?”

ಅವಳು ಮುಂದುವರಿಸಿದಳು: “ಕಪ್ಪಿ ಬಂದಿಲ್ಲ. ದಿನಾ ತುಂಬಿದ ಎಮ್ಮಿ ಅದು. ಆಚೀ ದಂಡಿಗೆ ಈದಿರ್ಬೇಕು. ಕರಾ ಈಸೂದಿಲ್ಲಲ್ಲ, ಉಳದವನ್ನ ನೀರಿಗೆ ಹೊಡದು, ತಾವು ಕರದ ಬಾಜು ಕುಂತಾರ. ಖರೇ ಹೇಳ್ತೀನ್ರಿ, ಕನ್ಫರ್ಮ್.”

“ಬಾಯಿ, ಮನಸ್ಸು ಗಟ್ಟಿ ಮಾಡ್ಕೋ,” ಎಂದ ಹಿರಿಯ.

“ಕಾಕಾ, ಮನಸ್ಸು ಗಟ್ಟಿ ಐತಿ. ಗಂಟ ಗಟ್ಟಿ ಐತೇನು, ನೀವ ಜಗ್ಗಿ ನೋಡ್ರಿ.”

ಹಿರಿಯ ಜಗ್ಗಿದ. ನಾನೂ ಜಗ್ಗಿದೆ. ನೆಂದು ಉಬ್ಬಿದ ಹಗ್ಗ ಅಲುಗಲಿಲ್ಲ. ಆಫೀಸಿಗೆ ಫೋನು ಮಾಡಿ “ಕನ್ಫರ್ಮ್ ಇಲ್ಲ, ತಗೀರಿ,” ಎಂದೆ. ಆದರೆ ಒಳಗೆ ಅನುಮಾನವಿತ್ತು. ಅವಳೊಳಗೂ ಇದ್ದಿರಬೇಕು, ಹಿಡಿದ ಕೊಂಬನ್ನು ಬಿಡಲೇ ಇಲ್ಲ.

ಮರುದಿನ ನೀರಿಳಿದ ಮೇಲೆ ಅವನು ಬಂದ. ಹೆಗಲ ಮೇಲೆ ಕರು, ಹಿಂದೆ ಕಪ್ಪಿ. ಜನಾಬಾಯಿ ಹಳ್ಳದ ದಂಡೆಯಲ್ಲೇ ಕರುವನ್ನು ಇಳಿಸಿಕೊಂಡಳು. ಕೇಳಿದ್ದು ಮಾತ್ರ ಇಷ್ಟೇ: “ಕೋಣ ಐತೋ, ಎಮ್ಮಿ ಐತೋ?”

ಸುದ್ದಿಗಾಗಿ ನಾನು ಬಾಯಿಗಳನ್ನೇ ಹುಡುಕಿಕೊಂಡು ಅಲೆದವನು. ಒಬ್ಬ ಮನುಷ್ಯನ ಕೈ ಹೇಗೆ ಗಂಟು ಹಾಕುತ್ತದೆ, ಯಾವಾಗ ಹಾಕುತ್ತದೆ ಎಂಬುದನ್ನು ಇಷ್ಟು ವರ್ಷ ನೋಡುತ್ತ ಬಂದ ಇನ್ನೊಂದು ಜೀವವಿದ್ದರೆ, ಅವನು ಕಣ್ಣಿಗೆ ಕಾಣದಿದ್ದಾಗಲೂ ಆ ಜೀವದ ಮಾತು ಸುಳ್ಳಾಗುವುದಿಲ್ಲ. ಆ ಹಗ್ಗದ ಮುಂದೆ ನಮ್ಮ ಇಬ್ಬರು ಸಾಕ್ಷಿಗಳು ನನಗೆ ಬಹಳ ಬಡವಾಗಿ ಕಂಡರು.

ಊರಿಗೆ ಮರಳಿದ ಮರುದಿನ ಬೆಳಗ್ಗೆ ಹೆಂಡತಿಯದು ಅದೇ ಪ್ರಶ್ನೆ: “ಕನ್ಫರ್ಮ್?” “ಕನ್ಫರ್ಮ್,” ಎಂದೆ. ಅವಳು ನನ್ನ ಮುಖ ನೋಡಲಿಲ್ಲ. ಹೆಗಲ ಚೀಲ ನೋಡಿದಳು. ಹಿಟ್ಟು ನಾದುವ ಪರಾತದಿಂದ ಎರಡು ಮುಷ್ಟಿ ಹಿಟ್ಟನ್ನು ತಿರುಗಿ ಡಬ್ಬಿಗೆ ಹಾಕಿದಳು.

“ಯಾಕ?”

“ಚಾರ್ಜರ್ ಹೊಂಟೈತಿ. ಅದು ಹೋದ ದಿನಾ ನೀವ ಯಾವತ್ತರ ಊಟಕ್ಕ ಬಂದೀರೇನು?”

ಚೀಲದಿಂದ ಚಾರ್ಜರ್ ತೆಗೆದು ಗೋಡೆಯ ಮೊಳೆಗೆ ತೂಗುಹಾಕಿದೆ. ಎರಡು ಮುಷ್ಟಿ ಹಿಟ್ಟು ಮತ್ತೆ ಪರಾತಕ್ಕೆ ಬಿತ್ತು.