ಬೇರೆಯವರ ಪೆನ್ನು ಮುಟ್ಟಿದ ಶ್ರೀವತ್ಸ ಸರ್

ವೈದ್ಯಕೀಯ ಪಠ್ಯಪುಸ್ತಕಗಳಲ್ಲಿ ಬರೆದವರ ಹೆಸರು ಹೊದಿಕೆಯ ಮೇಲಿರುತ್ತದೆ; ಚಿತ್ರ ಬಿಡಿಸಿದವರ ಹೆಸರು, ಇದ್ದರೆ, ಒಳಪುಟದ ಮೂಲೆಯಲ್ಲಿರುತ್ತದೆ. ಹುಬ್ಬಳ್ಳಿಯ ಆಫ್‌ಸೆಟ್ ಮುದ್ರಣಾಲಯದಲ್ಲಿ ಪ್ಲೇಟು ತಿದ್ದುವ ಕೆಲಸದಿಂದ ಆರಂಭಿಸಿ, ಕಂಪ್ಯೂಟರಿನ ಪರದೆಯವರೆಗೂ ಅದೇ ಶ್ರದ್ಧೆಯಿಂದ ನಡೆದುಬಂದು, ಆ ಮೂಲೆಗೊಂದು ಗೌರವ ತಂದುಕೊಟ್ಟವರು ನಮ್ಮ ಪ್ರಕಾಶನ ಸಂಸ್ಥೆಯ ಚಿತ್ರ ವಿಭಾಗದ ಮುಖ್ಯಸ್ಥರಾದ ಮಾನ್ಯ ಶ್ರೀವತ್ಸ ಅವರು. ಅವರು ಈ ವರ್ಷ, ಅಂದರೆ ೨೦೦೯ರಲ್ಲಿ, ನಿವೃತ್ತರಾಗುತ್ತಿದ್ದಾರೆ. ಅಭಿನಂದನ ಗ್ರಂಥಕ್ಕೆ ಒಂದು ಪುಟ ಬರೆಯಿರೆಂದು ಸಂಪಾದಕರು ಕೇಳಿದಾಗ, ಒಂದೇ ಪುಟ ಯಾವ ಮೂಲೆಗೆ ಸಾಕೆಂದು ನಾನು ಜಗಳ ತೆಗೆದೆ.

ನಾನು ದಾವಣಗೆರೆಯಿಂದ ಬಂದು ೨೦೦೧ರಲ್ಲಿ ಕೆಲಸಕ್ಕೆ ಸೇರಿದಾಗ ನಮ್ಮ ಕಚೇರಿ ವಿಜಯವಾಡದ ಪಟಮಟದಲ್ಲಿತ್ತು. ಮೆಸ್ಸಿನ ಖಾರಕ್ಕೆ ಕಣ್ಣೀರು ಹಾಕುತ್ತಿದ್ದ ನನ್ನನ್ನು ಸರ್ ಮನೆಗೆ ಕರೆದೊಯ್ದರು. ಅವರ ಶ್ರೀಮತಿ ಅನಸೂಯಾ ಅವರು ಬಿಸಿ ರೊಟ್ಟಿ ಬಡಿಸಿದರು. ಮಾರನೆಯ ದಿನ ಅದೇ ಸರ್ ನನ್ನ ಚಿತ್ರವನ್ನು ಮುಲಾಜಿಲ್ಲದೆ ವಾಪಸು ಕಳಿಸಿದರು. ಮುದ್ರಣಾಲಯದಿಂದ ಅವರು ಎರಡು ಪದ್ಧತಿ ತಂದಿದ್ದರು. ಯಾವುದೇ ಚಿತ್ರಕ್ಕೆ ಮೊದಲು ಹಾಳೆಯ ನಾಲ್ಕು ಮೂಲೆಗೂ ಚುಕ್ಕಿ ಇಟ್ಟು ಅಳತೆ ನೋಡುವುದು ಒಂದು. ಒಬ್ಬರ ಪೆನ್ನನ್ನು ಇನ್ನೊಬ್ಬರು ಮುಟ್ಟದಿರುವುದು ಇನ್ನೊಂದು. ದಸರೆಯಲ್ಲಿ ಎಲ್ಲರೂ ತಂತಮ್ಮ ಪೆನ್ನಿಗೆ ಕುಂಕುಮವಿಟ್ಟು ಪೂಜಿಸುತ್ತಿದ್ದೆವು. ಆ ಮೇಲೆ ವರ್ಷವಿಡೀ ಅದು ಅವರವರದೇ.

ಮುಂದೆ ಕಚೇರಿ ವಿಶಾಖಪಟ್ಟಣದ ಮಧುರವಾಡಕ್ಕೆ ಬಂತು. ೨೦೦೬ರ ಮಳೆಗಾಲದಲ್ಲಿ ದ್ವಾರಕಾ ನಗರದ ರಸ್ತೆಯಲ್ಲಿ ಸ್ಕೂಟಿ ಜಾರಿ ನನ್ನ ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿಸಿಕೊಂಡು ಹಿಂದಿರುಗುವಷ್ಟರಲ್ಲಿ ನನ್ನ ಮೇಜಿನ ಮೇಲೆ ಹೊಸ ಸಲಕರಣೆ ಬಂದಿತ್ತು: ಪರದೆಯ ಮೇಲೆಯೇ ಪೆನ್ನಿಟ್ಟು ಬರೆಯುವ ಟ್ಯಾಬ್ಲೆಟ್, ಪಕ್ಕದಲ್ಲಿ ಕಡತ ನೋಡಲು ನನ್ನ ಹಳೆಯ ಮಾನಿಟರ್. ಕಣ್ಣಿನ ಚಿತ್ರವೊಂದನ್ನು ಆರಂಭಿಸಿದೆ. ಪೆನ್ನು ಇಟ್ಟ ಕಡೆ ಗೆರೆ ಬೀಳಲಿಲ್ಲ. ಪಾಪೆ ಸರಿಯಾಗಿ ಮುಚ್ಚಿಕೊಳ್ಳಲಿಲ್ಲ. ನರ ಬರಬೇಕಾದ ಜಾಗ ಬಿಟ್ಟು ಅತ್ತ ಹೊರಟಿತು.

ನನ್ನ ಕೈ ಹೋಯಿತೆಂದುಕೊಂಡೆ. ಮುರಿದ ಕೈ ಕಣ್ಣೆದುರೇ ಇರುವಾಗ ಯಂತ್ರದ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಪ್ರೂಫ್ ನೋಡುವ ಸೀತಾಮಹಾಲಕ್ಷ್ಮಿಯವರು, "ಪರವಾಲೇದಮ್ಮಾ, ಪರವಾಗಿಲ್ಲ, ಮೆಲ್ಲಗೆ ಬರುತ್ತೆ" ಎಂದು ಬೆನ್ನು ಸವರಿದರು. ಸಿಸ್ಟಂ ನೋಡಿಕೊಳ್ಳುವ ರಾಮಮೋಹನ್ ನನ್ನ ಸಮಾಧಾನಕ್ಕೆಂದು ಮೌಸ್ ಆಡಿಸಿ ನೋಡಿದರು. ಪರದೆಯ ಮೇಲಿನ ಬಾಣ ಹೇಳಿದ ಕಡೆಗೆ ಹೋಯಿತು. ಪೆನ್ನನ್ನು ಮಾತ್ರ ಅವರು ಮುಟ್ಟಲಿಲ್ಲ, ಅದು ನನ್ನದಲ್ಲವೇ. ಎಲ್ಲರೂ ಒಳ್ಳೆಯವರು, ಆ ಒಳ್ಳೆಯತನದಲ್ಲೇ ನಾನು ಮುಳುಗುತ್ತಿದ್ದೆ. ಚಿತ್ರ ಬಿಡಿಸುವುದು ಬಿಟ್ಟು ನನಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ. ಕೆಲಸ ಬಿಟ್ಟು ಊರಿಗೆ ಹೋಗುವೆನೆಂದು ಸರ್‌ಗೆ ಹೇಳಿದೆ, ಅತ್ತೂಬಿಟ್ಟೆ.

ಅವರು ಸಮಾಧಾನ ಹೇಳಲಿಲ್ಲ. "ಹೋಗೂದು ಇದ್ದೇ ಇರ್ತದವಾ. ಮೊದಲ ನಾಕು ಮೂಲಿಗೂ ಚುಕ್ಕಿ ಇಡು" ಎಂದರು. ಇಟ್ಟೆ. ಎಡಗಡೆಯ ಚುಕ್ಕಿಗಳು ಪೆನ್ನಿನ ತುದಿಯಲ್ಲೇ ಕುಳಿತವು. ಬಲಗಡೆಯವು ತುದಿಯಿಂದ ಬೆರಳಗಲ ಒಳಕ್ಕೆ ಬಿದ್ದವು. ಸರ್ ಹುಬ್ಬು ಗಂಟಿಕ್ಕಿದರು. ಆಮೇಲೆ, ಇಡೀ ವಿಭಾಗ ನೋಡುತ್ತಿರುವಂತೆಯೇ, ತಾವೇ ಹಾಕಿದ ಕಟ್ಟಳೆ ಮುರಿದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಅದೇ ಮೂಲೆಗಳಿಗೆ ತಾವೂ ಚುಕ್ಕಿ ಇಟ್ಟರು. ಅವರವೂ ನನ್ನ ಚುಕ್ಕಿಗಳ ಮೇಲೆಯೇ ಬಿದ್ದವು.

"ನಿನ್ನ ಕೈ ಮುರದಿತ್ತು, ಖರೆ. ನಂದು ಯಾವಾಗ ಮುರದಿತ್ತವಾ?" ಎಂದರು. "ಕೈ ತಪ್ಪಿದ್ರ ಎಲ್ಲಾ ಕಡೆ ತಪ್ಪಬೇಕು. ಇದು ಬಲಕ್ಕ ಹೋದಂಗ ಹೆಚ್ಚಾಗ್ತದ. ಇದು ಅಳತಿ ತಪ್ಪು."

ರಾಮಮೋಹನ್ ಸೆಟ್ಟಿಂಗ್ಸ್ ತೆರೆದರು. ಎರಡು ಪರದೆಗಳಿದ್ದುದರಿಂದ ಟ್ಯಾಬ್ಲೆಟ್ ಪಕ್ಕದ ಹಳೆಯ ಮಾನಿಟರಿನ ಕಿರಿದಾದ ಅಗಲವನ್ನೇ ತನ್ನದೆಂದು ಹಿಡಿದುಕೊಂಡಿತ್ತು. ಅದನ್ನು ಅದರ ಪರದೆಗೇ ಹೊಂದಿಸಿ, ಮೂಲೆಗಳನ್ನು ಸರ್ ಕೈಯಿಂದ ಮತ್ತೆ ಒತ್ತಿಸಿದ ಮೇಲೆ ಸರ್ ಪೆನ್ನನ್ನು ನನಗೆ ಮರಳಿ ಕೊಟ್ಟರು. ಪಾಪೆ ಒಂದೇ ಗೆರೆಯಲ್ಲಿ ಮುಚ್ಚಿಕೊಂಡಿತು. ಆ ಚಿತ್ರ ಪುಸ್ತಕದಲ್ಲಿ ಅಚ್ಚಾಗಿದೆ, ಮೂಲೆಯಲ್ಲಿ ನನ್ನ ಹೆಸರಿದೆ.

ಕಳೆದ ತಿಂಗಳು ಸರ್ ನನ್ನನ್ನು ತಮ್ಮ ಮೇಜಿಗೆ ಕರೆದರು. ಅವರ ಪರದೆಯ ಮೇಲೂ ನಾಲ್ಕು ಚುಕ್ಕಿಗಳಿದ್ದವು, ಒಂದೊಂದೂ ಒಂದೊಂದು ದಿಕ್ಕಿಗೆ ಸರಿದಿದ್ದವು. ನಾನು ಸೆಟ್ಟಿಂಗ್ಸ್ ತೆರೆಯಲು ಹೋದೆ. ತಡೆದರು. "ಬ್ಯಾಡ. ಈ ಸಲ ಯಂತ್ರದ್ದೇನೂ ತಪ್ಪಿಲ್ಲ, ಕೈದೇ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮಿದುಳಿನ ನರಗಳ ಚಿತ್ರ ಅವರ ಎದುರು ಅರ್ಧಕ್ಕೆ ನಿಂತಿತ್ತು. ನಿವೃತ್ತಿಯ ನಂತರವಾದರೂ ಮುಗಿಸುವೆನೆಂದು ಅವರು ಒಪ್ಪಿಕೊಂಡಿದ್ದ ಪುಸ್ತಕ ಅದು. ವಿಜಯವಾಡಕ್ಕೆ ಮರಳುತ್ತಿರುವ ಸರ್ ಮತ್ತು ಅನಸೂಯಾ ಅವರಿಗೆ ಭಗವಂತನು ಆಯುರಾರೋಗ್ಯಗಳನ್ನು ಕೊಡಲಿ, ಅವರ ಕಣ್ಣಿನ ಕಟ್ಟುನಿಟ್ಟು ನಮ್ಮ ಗೆರೆಗಳ ಮೇಲೆ ಬಹುಕಾಲ ಇರಲಿ ಎಂದು ಮನಸಾರೆ ಹಾರೈಸುತ್ತೇನೆ. ಆ ಪುಸ್ತಕ ನಿಲ್ಲುವುದಿಲ್ಲ. ಅಂದು ಅವರ ಮೇಜಿನ ಬಳಿ ನಾನು ಕೈ ಚಾಚಿದೆ. ಅವರು ತಮ್ಮ ಪೆನ್ನನ್ನು ನನ್ನ ಕೈಗಿಟ್ಟು, ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು ಕುಳಿತು, "ನಾ ಹೇಳ್ತೀನಿ, ನೀ ಬರಿ" ಎಂದರು.